ಬಾಣದ ಗುರುತು

ಗುತ್ತಲು ರಸ್ತೆಯ ತಿರುವಿಗೆ ನಾನಿನ್ನೂ ಬಂದಿರುತ್ತಿರಲಿಲ್ಲ,
ಅಷ್ಟರಲ್ಲೇ ಚೆನ್ನಾಜಮ್ಮ
ಹಗ್ಗದಿಂದ ಸೀರೆ ಎಳೆದುಕೊಳ್ಳುತ್ತಿದ್ದಳು.
ಒಂದು ಮಾತು ಬೈದವಳಲ್ಲ.
ಒದ್ದೆಯೋ ಒಣಗಿತೋ ನೋಡದೆ ಹೆಗಲಿಗೆ ಹಾಕಿಕೊಂಡು
ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುವಳು.
ನಾನದನ್ನು ಮರ್ಯಾದೆ ಅಂದುಕೊಂಡಿದ್ದೆ.

ತೊಂಬತ್ತೊಂಬತ್ತರ ಎಸ್ಟೀಮ್. ಎದೆಯೊಳಗೆ ಬಲೆನೋ ಎಂಜಿನ್.
ಹೊಟ್ಟೆಯಡಿ ಮೊದಲು ಇದ್ದದ್ದನ್ನು ಕೊಯ್ದು
ಎಂಟುನೂರು ರೂಪಾಯಿಗೆ ಗುಜರಿಗೆ ಹಾಕಿ
ನೇರ ಪೈಪು ಎಳೆಸಿದ್ದೆ, ಮೂರು ವರ್ಷದ ಹಿಂದೆ.
ಕೊಂಡವನು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಹೋದಾಗಲಾದರೂ
ತಿಳಿಯಬೇಕಿತ್ತು ನನಗೆ, ಒಳಗೆ ಏನೋ ಇದೆ ಅಂತ.

ಹೊಗೆ ತಪಾಸಣೆಯ ಹುಡುಗ ಬಾಲಕ್ಕೆ ನಳಿಗೆ ತುರುಕಿ, ಪರದೆ ನೋಡಿ,
"ಸಾರ್, ಇದು ಕಾರೋ, ಆಲೆಮನೆಯೋ?" ಅಂದ.
ನಗಲಿಲ್ಲ ಅವನು. ಚೀಟಿಯನ್ನೂ ಕೊಡಲಿಲ್ಲ.

ನಿಂಗಾಚಾರಿಯ ಅಜ್ಜ ನೇಗಿಲ ಗುಳ ತಟ್ಟುತ್ತಿದ್ದ
ಅದೇ ಹುಣಸೆ ಮರದ ಬುಡದಲ್ಲಿ ಈಗ ಟಿಗ್ ವೆಲ್ಡಿಂಗು.
ಮೇಜಿನ ಮೇಲೆ ಮೂರು ಕನ್ವರ್ಟರ್.
ಒಂದನ್ನು ಕಿವಿಗಿಟ್ಟು ಅಲ್ಲಾಡಿಸಿದ, ಒಣಗಾಯಿ ನೋಡುವ ಹಾಗೆ.
ಗಲಗಲ ಅಂತು. "ಒಳಗಡೆ ಪಿಂಗಾಣಿ ಒಡ್ದೋಗದೆ. ಅತ್ತಾಗ್ ಎಸಿ."
ಇನ್ನೊಂದು ಥಳಥಳ, ಬೆಲೆಯೂ ಸದರ.
ಒಂದು ಕಣ್ಣು ಮುಚ್ಚಿ ಬಿಸಿಲಿಗೆ ಹಿಡಿದ.
"ಇದು ಬರೀ ಜರಡಿ ಕಣಣ್ಣ.
ತೂತವೆ, ಮೇಲೆ ಬಳೀಬೇಕಾದ ಮದ್ದೇ ಇಲ್ಲ."
ಉಳಿದದ್ದು ಭಾರ.
ಲೋಹದ ಜೇನುಗೂಡು, ಚದರ ಇಂಚಿಗೆ ಇನ್ನೂರು ಕಣ್ಣು.
"ನಾನೂರು ಕಣ್ಣಿಂದಾದ್ರೆ ಇನ್ನೂ ಚೆಂದಾಗಿ ತೊಳೀತದೆ,
ಆದ್ರೆ ನಿನ್ ಎಂಜಿನ್‌ಗೆ ಉಸ್ರು ಕಟ್ತದೆ.
ನಿಂಗೆ ಓಟಾನೂ ಬೇಕು, ಊರೂ ಬೇಕು. ಇದೇ ಆಗ್ಲಿ."
ಹದಿನಾಲ್ಕು ಸಾವಿರ ಎಣಿಸುವಾಗ
ಆ ಎಂಟುನೂರರ ನೋಟುಗಳ ಬಣ್ಣ ನೆನಪಾಯಿತು.

ತಕ್ಷಣ ಕೂರಿಸಲಿಲ್ಲ ಮಾರಾಯ.
ಮೂರನೇ ಪ್ಲಗ್ಗು ಬಿಚ್ಚಿ, ಅದರ ಮಸಿಯನ್ನು ನನ್ನ ಅಂಗೈಗೇ ಒರೆಸಿದ.
"ಉರೀದೆ ಇರೋ ಪೆಟ್ರೋಲು ಇದ್ರೊಳಕ್ಕೆ ಬಿದ್ರೆ ಗೂಡೇ ಕರಗೋಯ್ತದೆ.
ಹೊಟ್ಟೆ ಕೆಟ್ಟೋನ್ಗೆ ಎಲೆ ಅಡ್ಕೆ ಯಾಕೆ?"
ಎರಡು ದಿನ ಅದಕ್ಕೇ ಹೋಯಿತು.

ನನಗೆ ಹಿಂದಿನ ಸೀಟಿನಡಿ ಇರಲಿ ಅಂತ ಆಸೆ, ಅಲ್ಲಿ ಜಾಗ ಇತ್ತು.
ಅವನ ಕೈ ಮುಂದಕ್ಕೆ ಮುಂದಕ್ಕೆ ಸರಿದು
ಎಂಜಿನ್ನಿನ ಪಕ್ಕಕ್ಕೇ ಬಂದು ನಿಂತಿತು.
"ಒಲೆ ಅಲ್ಲಿ, ಕೊಪ್ಪರಿಗೆ ಇಲ್ಲಿ ಮಡಗಿದ್ರೆ ಪಾಕ ಏರ್ತದಾ?
ಕಾಯ್ಬೇಕು ಇದು. ಕಾದ್ರೇನೇ ಕೆಲ್ಸ."

ರಾತ್ರಿಯಿಡೀ ಎಣ್ಣೆ ಕುಡಿದೂ ಒಂದು ಬೋಲ್ಟು ಮುರಿಯಿತು.
ಅದನ್ನು ಕೊರೆದು ತೆಗೆಯುವ ಹೊತ್ತಿಗೆ ಚಹಾ ಆರಿತ್ತು.
ತಗಡಿನ ಮೇಲೆ ಒತ್ತಿದ್ದ ಸಣ್ಣ ಬಾಣವನ್ನು
ಹೆಬ್ಬೆರಳಿಂದ ಉಜ್ಜಿ ತೋರಿಸಿದ ನಿಂಗಾಚಾರಿ.
"ಇದು ಹಿಂದಕ್ಕೆ ಮೊಕ ಮಾಡಿರ್ಬೇಕು, ತಿಳೀತಾ?
ತಿರುಗ್ಸಿ ಹಾಕೋರೂ ಅವ್ರೆ."
ಬಾಣ ಅಂದರೆ ಮುಂದಕ್ಕೆ ಎಂದೇ ತಿಳಿದು
ಗಾಡಿ ಓಡಿಸಿದವನು ನಾನು.
ಕಾರಿನಡಿ ಅಂಗಾತ ಮಲಗಿ
ಅದು ತೋರುವ ಕಡೆಗೆ ಕತ್ತು ಹೊರಳಿಸಿದೆ:
ಸೈಕಲ್ಲಿನ ಚಕ್ರ, ಯಾರದೋ ಹವಾಯಿ ಚಪ್ಪಲಿ,
ಒಂದು ಮಗುವಿನ ಮೊಣಕಾಲು.

ಮಾಸ್ಕಿನ ಗಾಜಿನಾಚೆ ಜಗತ್ತು ಇರಲಿಲ್ಲ,
ಒಂದು ಹಸಿರು ಹನಿ ಮಾತ್ರ ಅಂಚು ಹಿಡಿದು ತೆವಳುತ್ತಿತ್ತು.
ಸೆನ್ಸರು ಕೂತಿತು. ಗ್ಯಾಸ್ಕೆಟ್ಟು, ಶಾಖದ ತಗಡು, ಕ್ಲಾಂಪು.
ಕೀಲಿ ತಿರುಗಿಸಿದೆ.
ಸಂತೆಯಲ್ಲಿ ಕೂಗುತ್ತಿದ್ದವನು
ಜಗುಲಿಗೆ ಬಂದು ಮಾತಾಡಿದ ಹಾಗಿತ್ತು.
ಸಂಕಟವಾಗಲಿಲ್ಲ ಅಂದರೆ ಸುಳ್ಳು.
ಬಾಲದ ತುದಿಯಿಂದ ಎರಡು ಹನಿ ನೀರು ಸಿಮೆಂಟಿಗೆ ಬಿತ್ತು,
ಅವನು ಬಗ್ಗಿ ಅದನ್ನೇ ನೋಡುತ್ತಿದ್ದ.

ಸಂಜೆ ತಿರುವಿಗೆ ಬಂದೆ.
ಬೀದಿಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದಳು ಚೆನ್ನಾಜಮ್ಮ.
ಹಗ್ಗದ ಮೇಲೆ ಎರಡು ಸೀರೆ, ಒಂದು ರಗ್ಗು.
ಬ್ರೇಕು ಒತ್ತಿದೆ. ಒದ್ದೆ ಸೆರಗು ಬಾನೆಟ್ಟಿಗೆ ತಾಗಿ ಚುಯ್ ಅಂತು.
ಬೆಚ್ಚಿ ತಿರುಗಿದಳು.
"ಅಯ್ಯೋ, ಯಾವಾಗ್ ಬಂದ್ಯಪ್ಪಾ?"

ಐನೂರು ಕಿಲೋಮೀಟರ್ ಆದ ಮೇಲೆ
ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕಂತೆ.
ಇವತ್ತಿಗೆ ಮುನ್ನೂರ ಹನ್ನೆರಡು.